ಡಮಾಮಿ

ಡಮಾಮಿ ಎಂಬುದು ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಕಾಡುಸೀಮೆಯಲ್ಲಿ ನೆಲೆಸಿರುವ ಸಿದ್ದಿ ಜನರ ಚರ್ಮವಾದ್ಯ. ಆ ವಾದ್ಯದ ಬಡಿತಕ್ಕೆ ಹಾಡುತ್ತ ಕುಣಿಯುವ ಸಾಮೂಹಿಕ ಕುಣಿತಕ್ಕೂ ಇದೇ ಹೆಸರು ಸಲ್ಲುತ್ತದೆ. ದಮಾಮ್, ಡಮಾಮ್, ಡಮ್ಮಾಮಿ ಎಂಬ ರೂಪಗಳೂ ಬಳಕೆಯಲ್ಲಿವೆ. ಯಲ್ಲಾಪುರ, ಹಳಿಯಾಳ ಹಾಗೂ ಮುಂಡಗೋಡ ತಾಲ್ಲೂಕುಗಳಲ್ಲಿ ಇದು ಹೆಚ್ಚು ರೂಢಿಯಲ್ಲಿದೆ. ಶಿರಸಿ, ಅಂಕೋಲಾ, ಜೋಯಿಡಾ ತಾಲ್ಲೂಕುಗಳ ಸಿದ್ದಿ ಕೇರಿಗಳಲ್ಲಿಯೂ, ಜಿಲ್ಲೆಯ ಗಡಿಗೆ ತಾಗಿದ ಕಲಘಟಗಿ ಮತ್ತು ಖಾನಾಪುರ ಭಾಗಗಳಲ್ಲಿಯೂ ಕಂಡುಬರುತ್ತದೆ. ಹಿಂದೂ, ಮುಸ್ಲಿಂ, ಕ್ರೈಸ್ತ ಎಂದು ಮೂರು ಮತಗಳಲ್ಲಿ ಹಂಚಿಹೋಗಿರುವ ಸಿದ್ದಿಗಳು ಒಟ್ಟಾಗಿ ತಮ್ಮದೆಂದು ಹೇಳಿಕೊಳ್ಳುವ ಕಲೆ ಇದು. ಬಹುಕಾಲ ಕಾಡಿನ ಅಂಚಿನ ಅಂಗಳಗಳಿಂದ ಆಚೆಗೆ ಇದರ ಸದ್ದು ಕೇಳಿಸಿದ್ದು ಕಡಿಮೆ. 2021ರಲ್ಲಿ ಕನ್ನಡ ಚಲನಚಿತ್ರವೊಂದರ ಹಾಡಿನ ಮೂಲಕ ಸಿದ್ದಿಗಳ ಹಾಡಿಕೆ ನಾಡಿನಾದ್ಯಂತ ಮೊಳಗಿತು.

ಹೆಸರು

ಪರ್ಷಿಯನ್ ಭಾಷೆಯಲ್ಲಿ 'ದಮಾಮ' ಎಂದರೆ ದೊಡ್ಡ ನಗಾರಿ. ಸುಲ್ತಾನರ ಹಾಗೂ ಮೊಗಲರ ಕಾಲದ ಸೈನ್ಯ ಮತ್ತು ನೌಬತ್ತುಖಾನೆಗಳ ಮೂಲಕ ಈ ಮಾತು ಭಾರತದ ಹಲವು ಭಾಷೆಗಳಿಗೆ ಪರಿಚಿತವಾಯಿತು. ಸಿದ್ದಿಗಳ ವಾದ್ಯದ ಹೆಸರು ಇದಕ್ಕೆ ತೀರ ಸಮೀಪವಾಗಿದೆ. 'ಸಿದ್ದಿ' ಎಂಬ ಹೆಸರನ್ನು ಅರಬಿಯ 'ಸಯ್ಯಿದಿ' (ನನ್ನ ಒಡೆಯ) ಎಂಬ ಗೌರವವಾಚಕದಿಂದ ಬಂದುದೆಂದು ಸಾಮಾನ್ಯವಾಗಿ ವಿವರಿಸಲಾಗುತ್ತದೆ. ಗುಲಾಮರಾಗಿ ತರಲ್ಪಟ್ಟವರ ಸಂತತಿಗೆ ಒಡೆಯನೆಂಬ ಅರ್ಥದ ಹೆಸರು ಉಳಿದುಬಂದದ್ದು ಚರಿತ್ರೆಯ ವಿಚಿತ್ರಗಳಲ್ಲೊಂದು. ನೆರೆಯ ಸಿದ್ದಾಪುರ ತಾಲ್ಲೂಕಿನ ಹೆಸರಿಗೂ ಈ ಜನಾಂಗಕ್ಕೂ ಕೇವಲ ಉಚ್ಚಾರದ ಹೋಲಿಕೆಯಿಂದ ನಂಟು ಕಲ್ಪಿಸುವುದು ಸರಿಯಲ್ಲ.

ವಾದ್ಯ ಮತ್ತು ಕುಣಿತ ಎರಡಕ್ಕೂ ಒಂದೇ ಹೆಸರಿರುವುದು ಗಮನಿಸತಕ್ಕ ಸಂಗತಿ. ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯಲ್ಲಿ 'ನ್ಗೋಮಾ' ಎಂದರೆ ಚರ್ಮವಾದ್ಯವೂ ಹೌದು, ಅದರ ಸುತ್ತ ನಡೆಯುವ ಹಾಡು, ಕುಣಿತ, ಕೂಟವೂ ಹೌದು. ಗುಜರಾತಿನ ಸಿದ್ದಿಗಳು ತಮ್ಮ ಕುಣಿತವನ್ನು 'ಗೋಮಾ' ಎಂದು ಕರೆಯುವುದು ಈ ಪದದಿಂದಲೇ. ಉತ್ತರ ಕನ್ನಡದಲ್ಲಿ ಆ ಪದ ಉಳಿದಿಲ್ಲ. ಆದರೆ ಬಡಿತ, ಹಾಡು, ಹೆಜ್ಜೆಗಳನ್ನು ಬೇರೆ ಬೇರೆ ಕಲೆಗಳೆಂದು ಎಣಿಸದೆ ಒಂದೇ ಹೆಸರಿನಲ್ಲಿ ಕರೆಯುವ ಕ್ರಮ ಇಲ್ಲಿಯೂ ಕಾಣುತ್ತದೆ.

ಹಿನ್ನೆಲೆ

ಆಫ್ರಿಕಾದ ಜನರು ಭಾರತಕ್ಕೆ ಬಂದ ದಾರಿಗಳು ಹಲವು. ಅರಬ್ ವರ್ತಕರ ಹಡಗುಗಳಲ್ಲಿ ಬಂದು ದಖ್ಖನಿನ ಸುಲ್ತಾನರ ಸೈನ್ಯ ಸೇರಿದವರಲ್ಲಿ ಕೆಲವರು ಉನ್ನತ ಪದವಿಗೇರಿದರು. ಅಹಮದ್‌ನಗರದ ಮಲಿಕ್ ಅಂಬರ್ ಮತ್ತು ಬಿಜಾಪುರದ ಇಖ್ಲಾಸ್ ಖಾನ್ ಇದಕ್ಕೆ ಪ್ರಸಿದ್ಧ ನಿದರ್ಶನಗಳು. ಉತ್ತರ ಕನ್ನಡದ ಸಿದ್ದಿಗಳ ಪೂರ್ವಜರ ಕಥೆ ಅಷ್ಟು ವೈಭವದ್ದಲ್ಲ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಪೂರ್ವ ಆಫ್ರಿಕಾದ ಕರಾವಳಿಯಿಂದ ಗುಲಾಮರನ್ನು ತರಿಸಿ ಮನೆಗೆಲಸಕ್ಕೂ ದುಡಿಮೆಗೂ ಇರಿಸಿಕೊಂಡರು. ಅಲ್ಲಿಂದ ತಪ್ಪಿಸಿಕೊಂಡವರೂ ಬಿಡುಗಡೆ ಹೊಂದಿದವರೂ ಸಹ್ಯಾದ್ರಿಯ ದಟ್ಟ ಕಾಡನ್ನು ಸೇರಿ ನೆಲೆನಿಂತರೆಂಬುದು ಸಾಮಾನ್ಯವಾಗಿ ಒಪ್ಪಿತವಾದ ವಿವರಣೆ. ಭಾರತದ ಸಿದ್ದಿಗಳ ಬಗ್ಗೆ 2011ರಲ್ಲಿ ಪ್ರಕಟವಾದ ತಳಿವಿಜ್ಞಾನದ ಅಧ್ಯಯನವು ಅವರ ಮೂಲವನ್ನು ಆಫ್ರಿಕಾದ ಬಂಟು ಭಾಷಿಕ ಜನರಲ್ಲಿ ಗುರುತಿಸಿತು. ಸ್ಥಳೀಯ ಜನರೊಡನೆ ರಕ್ತಸಂಬಂಧ ಬೆಳೆದಿರುವುದನ್ನೂ ಅದು ತೋರಿಸಿತು.

ಭಾಷೆಯ ವಿಷಯದಲ್ಲಿ ಆಫ್ರಿಕಾದ ಗುರುತು ಬಹುಮಟ್ಟಿಗೆ ಅಳಿಸಿಹೋಗಿದೆ. ಮನೆಮಾತು ಕೊಂಕಣಿ, ಮರಾಠಿ ಹಾಗೂ ಕನ್ನಡಗಳು ಬೆರೆತ ಒಂದು ಬಗೆ. ಮುಸ್ಲಿಂ ಸಿದ್ದಿಗಳಲ್ಲಿ ಉರ್ದು ಹೆಚ್ಚು. ಉಡುಗೆ, ಊಟ, ಮದುವೆಯ ಕ್ರಮಗಳು ನೆರೆಹೊರೆಯವರಂತೆಯೇ ಇವೆ. ಅಡಿಕೆ ತೋಟದ ಕೂಲಿ, ಬೇಸಾಯ, ಜೇನು ಮೊದಲಾದ ಕಿರು ಅರಣ್ಯ ಉತ್ಪನ್ನಗಳ ಸಂಗ್ರಹ ಇವು ಅವರ ಸಾಂಪ್ರದಾಯಿಕ ಜೀವನಾಧಾರಗಳು. ಹೀಗೆ ಭಾಷೆ, ಹೆಸರು, ದೇವರು ಎಲ್ಲವೂ ಬದಲಾದರೂ ಬದಲಾಗದೆ ಉಳಿದದ್ದು ಏನು ಎಂಬ ಪ್ರಶ್ನೆಗೆ ವಿದ್ವಾಂಸರೂ ಸಮುದಾಯದವರೂ ಮೊದಲು ತೋರಿಸುವುದು ಡಮಾಮಿಯನ್ನೇ.

ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು. 2020ರ ತಿದ್ದುಪಡಿಯಿಂದ ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳಿಗೂ ಅದು ವಿಸ್ತರಿಸಿತು. ಅದೇ ವರ್ಷ ಯಲ್ಲಾಪುರ ತಾಲ್ಲೂಕಿನ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಈ ಸಮುದಾಯದಿಂದ ಶಾಸನಸಭೆಗೆ ಬಂದವರಲ್ಲಿ ಅವರೇ ಮೊದಲಿಗರು.

ವಾದ್ಯ

ಡಮಾಮಿಯು ಮರದ ಕೊರಡನ್ನು ಒಳಗಿನಿಂದ ಕೊರೆದು ಟೊಳ್ಳು ಮಾಡಿ, ಬಾಯಿಗೆ ಚರ್ಮ ಬಿಗಿದು ಸಿದ್ಧಪಡಿಸುವ ವಾದ್ಯ. ಯಕ್ಷಗಾನದ ಮದ್ದಳೆಗಿಂತ ಇದರ ನಾದ ಮಂದ್ರವಾದುದು, ಒರಟಾದುದು. ಮದ್ದಳೆಯಲ್ಲಿ ಶ್ರುತಿ ಮುಖ್ಯ, ಭಾಗವತರ ಸ್ವರಕ್ಕೆ ಅದು ಹೊಂದಿಕೊಳ್ಳಲೇಬೇಕು. ಡಮಾಮಿಗೆ ಅಂಥ ಕಟ್ಟುಪಾಡಿಲ್ಲ. ಚರ್ಮ ಸಡಿಲವಾದರೆ ಬೆಂಕಿಯ ಬಳಿ ಹಿಡಿದು ಕಾಯಿಸಿ ಬಿಗಿಗೊಳಿಸುವ ಕ್ರಮ, ತಮಟೆ ಮೊದಲಾದ ಇತರ ಚರ್ಮವಾದ್ಯಗಳಿಗಿರುವಂತೆ, ಇದಕ್ಕೂ ಉಂಟು. ಮಳೆಗಾಲದ ತೇವ ತುಂಬಿದ ಮಲೆನಾಡಿನಲ್ಲಿ ಇದು ಸಣ್ಣ ಕೆಲಸವಲ್ಲ.

ಹಿಂದೆ ಈ ವಾದ್ಯಕ್ಕೆ ಜಿಂಕೆಯ ಚರ್ಮವನ್ನು ಬಳಸುತ್ತಿದ್ದುದುಂಟು. ಕರಾವಳಿಯ ಹಾಲಕ್ಕಿ ಒಕ್ಕಲಿಗರೂ ಸಿದ್ದಿಗಳೂ ಬಳಸುವ ಗುಮಟೆ ಎಂಬ ಮಣ್ಣಿನ ವಾದ್ಯಕ್ಕೆ ಉಡದ ಚರ್ಮ ಬೇಕಾಗುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ಇವೆರಡೂ ನಿಷಿದ್ಧವಾದುದರಿಂದ ಆಡು ಮೊದಲಾದ ಸಾಕುಪ್ರಾಣಿಗಳ ಚರ್ಮ ಆ ಸ್ಥಾನಕ್ಕೆ ಬಂದಿದೆ. ಕಾಯಿದೆಯ ಉದ್ದೇಶ ಪ್ರಶ್ನಾತೀತ. ಆದರೂ ವಾದ್ಯದ ನಾದವು ಚರ್ಮದ ದಪ್ಪವನ್ನೂ ಹದವನ್ನೂ ಅವಲಂಬಿಸಿರುವುದರಿಂದ, ಇಂದು ಕೇಳುವ ಡಮಾಮಿಯ ಸದ್ದು ನೂರು ವರ್ಷಗಳ ಹಿಂದಿನ ಸದ್ದೇ ಎಂದು ಭಾವಿಸುವಂತಿಲ್ಲ.

ಸಂದರ್ಭಗಳು

ಕ್ರೈಸ್ತ ಸಿದ್ದಿಗಳು ಕ್ರಿಸ್‌ಮಸ್ ಮತ್ತು ಮದುವೆಗಳಲ್ಲಿ, ಮುಸ್ಲಿಂ ಸಿದ್ದಿಗಳು ಮದುವೆ ಹಾಗೂ ಉರುಸುಗಳಲ್ಲಿ, ಹಿಂದೂ ಸಿದ್ದಿಗಳು ಹೋಳಿ ಮತ್ತು ಹಿರಿಯರ ಪೂಜೆಯ ದಿನಗಳಲ್ಲಿ ಡಮಾಮಿ ಬಾರಿಸುತ್ತಾರೆ. ಯಲ್ಲಾಪುರ ಸೀಮೆಯ ಸಾತುಂಬೈಲಿನಲ್ಲಿರುವ ಸಿದ್ದಿನಾಸ ಎಂಬ ದೈವಸ್ಥಾನವು ಸಿದ್ದಿಗಳಿಗೆ ವಿಶೇಷವಾದುದು. ಇವಲ್ಲದೆ ಯಾವ ಹಬ್ಬದ ನೆಪವೂ ಇಲ್ಲದೆ, ದಿನದ ದುಡಿಮೆ ಮುಗಿದ ಸಂಜೆ ಅಂಗಳದಲ್ಲಿ ಬೆಂಕಿ ಹಾಕಿಕೊಂಡು ಕುಣಿಯುವ ರೂಢಿಯೂ ಇದ್ದಿತು. ಡಮಾಮಿಯನ್ನು ಕೇವಲ ಆರಾಧನಾ ಕಲೆ ಎಂದು ವರ್ಗೀಕರಿಸುವವರು ಈ ಅಂಶವನ್ನು ಬಿಟ್ಟುಬಿಡುತ್ತಾರೆ. ದೇವರಿಗಾಗಿ ಕುಣಿಯುವುದು ಎಷ್ಟು ನಿಜವೋ ದಣಿವಾರಿಸಿಕೊಳ್ಳಲು ಕುಣಿಯುವುದೂ ಅಷ್ಟೇ ನಿಜ.

ಹಾಡಿನ ವಸ್ತುವೂ ಹಾಗೆಯೇ. ದೇವರ ಸ್ತುತಿಯ ಜೊತೆಗೆ ಕಾಡು, ಪ್ರಾಣಿ, ಕೆಲಸ, ನೆಂಟರಿಷ್ಟರ ತಮಾಷೆ ಎಲ್ಲವೂ ಬರುತ್ತವೆ. ಸಾಲುಗಳು ಚಿಕ್ಕವು. ಒಬ್ಬರು ಸಾಲನ್ನು ಎತ್ತಿಕೊಡುತ್ತಾರೆ, ಉಳಿದವರು ಅದನ್ನು ಹಿಡಿದು ತಿರುಗಿ ಹಾಡುತ್ತಾರೆ. ಹೆಂಗಸರ ಪಾಲು ಇಲ್ಲಿ ದೊಡ್ಡದು. ಸಿದ್ದಿ ಹೆಂಗಸರು ಕುಣಿಯುವ ಪುಗಡಿ ಎಂಬ ಇನ್ನೊಂದು ಕುಣಿತವು ಕೊಂಕಣಿ ಮತ್ತು ಮರಾಠಿ ಹೆಂಗಸರಲ್ಲಿಯೂ ಉಂಟು. ಎಂದರೆ ಸಿದ್ದಿಗಳ ಕಲೆಯಲ್ಲಿ ನೆರೆಯವರಿಂದ ಬಂದ ಪಾಲು ಕಡಿಮೆಯದಲ್ಲ. ಡಮಾಮಿಯ ಪ್ರತಿಯೊಂದು ಪೆಟ್ಟನ್ನೂ ಆಫ್ರಿಕಾದ ಲೆಕ್ಕಕ್ಕೆ ಬರೆಯುವ ಉತ್ಸಾಹವನ್ನು ಇದು ತಡೆಯಬೇಕು.

ಲಯ ಮತ್ತು ಅದರ ಆಕರ್ಷಣೆ

ಡಮಾಮಿಯನ್ನು ಮೊದಲ ಸಲ ಕೇಳಿದವರಿಗೆ ಬೆರಗು ಹುಟ್ಟಿಸುವುದು ಅದರ ಪುನರಾವರ್ತನೆ. ನಾಲ್ಕಾರು ಪೆಟ್ಟುಗಳ ಒಂದು ಸಣ್ಣ ಮಾದರಿ ಹತ್ತು ನಿಮಿಷ, ಅರ್ಧ ಗಂಟೆ, ಇನ್ನೂ ಹೆಚ್ಚು ಹೊತ್ತು ಸುತ್ತುತ್ತಲೇ ಇರುತ್ತದೆ. ಕರ್ನಾಟಕ ಸಂಗೀತದ ತನಿ ಆವರ್ತನದಲ್ಲಾಗಲಿ ಯಕ್ಷಗಾನದ ಚಂಡೆಯಲ್ಲಾಗಲಿ ಕೇಳುಗರು ಕಾಯುವುದು ಬಿಡಿತ ಮುಕ್ತಾಯಗಳಿಗಾಗಿ. ಅಲ್ಲಿ ಲಯಕ್ಕೆ ತಲುಪಬೇಕಾದ ಒಂದು ಗುರಿಯಿದೆ. ಡಮಾಮಿಯಲ್ಲಿ ಗುರಿ ಮುಂದೆಲ್ಲೋ ಇಲ್ಲ, ಸುತ್ತುವುದೇ ಉದ್ದೇಶ.

ಹೀಗಿದ್ದರೂ ಬೇಸರ ಬಾರದಿರುವುದಕ್ಕೆ ಕಾರಣಗಳಿವೆ. ಮೊದಲನೆಯದಾಗಿ, ಪುನರಾವರ್ತನೆಯೆಂದು ಕೇಳಿಸುವುದು ವಾಸ್ತವವಾಗಿ ಯಥಾವತ್ ಆವೃತ್ತಿಯಲ್ಲ. ಕೈಯ ಬಲ, ಪೆಟ್ಟು ಬೀಳುವ ಜಾಗ, ಎರಡು ಪೆಟ್ಟುಗಳ ನಡುವಿನ ಎಡೆ ಇವು ಪ್ರತಿ ಸುತ್ತಿನಲ್ಲಿ ಕೂದಲೆಳೆಯಷ್ಟು ಬದಲಾಗುತ್ತವೆ. ಕಿವಿ ಮಾದರಿಗೆ ಒಗ್ಗಿದ ಮೇಲೆ ಈ ಅತ್ಯಲ್ಪ ವ್ಯತ್ಯಾಸವೇ ದೊಡ್ಡದಾಗಿ ಕಾಣತೊಡಗುತ್ತದೆ. ಎರಡನೆಯದಾಗಿ, ವೇಗ. ಆರಂಭದ ನಿಧಾನಗತಿ ತಿಳಿಯದಂತೆ ಏರುತ್ತ ಹೋಗುತ್ತದೆ. ಕುಣಿಯುವವರ ಉಸಿರು ಏರಿದಂತೆ ಬಡಿತವೂ ಏರುತ್ತದೆ. ವಾದಕರು ಕುಣಿತವನ್ನು ನಡೆಸುತ್ತಾರೋ ಕುಣಿತವೇ ವಾದಕರನ್ನು ನಡೆಸುತ್ತದೆಯೋ ಹೇಳುವುದು ಕಷ್ಟ. ಇನ್ನೊಂದು, ಬಿಡುವು. ಹಾಡು ನಿಂತು ಬರಿಯ ಬಡಿತ ಉಳಿಯುವ, ಮತ್ತೆ ಹಾಡು ಬಂದು ಸೇರುವ ಗಳಿಗೆಗಳೇ ಕೂಟದಲ್ಲಿ ಕೇಕೆ ಎಬ್ಬಿಸುವಂಥವು.

ಆಫ್ರಿಕಾದ ಹಲವು ಪ್ರದೇಶಗಳ ಸಂಗೀತದಲ್ಲಿ ಒಂದೇ ಅವಧಿಯನ್ನು ಏಕಕಾಲಕ್ಕೆ ಎರಡಾಗಿಯೂ ಮೂರಾಗಿಯೂ ಭಾಗಿಸುವ ರೀತಿ ಪ್ರಸಿದ್ಧವಾದುದು. ಒಬ್ಬನ ಕೈ ಮೂರನ್ನು ಎಣಿಸುತ್ತಿರುವಾಗ ಇನ್ನೊಬ್ಬನ ಕೈ ಎರಡನ್ನು ಎಣಿಸುತ್ತದೆ. ಕುಣಿಯುವವನ ಕಾಲು ಯಾವುದನ್ನಾದರೂ ಆರಿಸಿಕೊಳ್ಳಬಹುದು. ಎತ್ತಿಕೊಡುವವರು ಮತ್ತು ತಿರುಗಿ ಹಾಡುವವರು ಎಂಬ ವಿಭಾಗವೂ ಅಲ್ಲಿ ವ್ಯಾಪಕವಾಗಿದೆ. ಡಮಾಮಿಯಲ್ಲಿ ಈ ಎರಡನೆಯ ಲಕ್ಷಣ ಸ್ಪಷ್ಟವಾಗಿದೆ. ಆದರೆ ಅದು ನಮ್ಮ ಸೋಬಾನೆ ಪದಗಳಲ್ಲಿಯೂ ಇರುವುದರಿಂದ ಮೂಲವನ್ನು ನಿರ್ಣಯಿಸಲು ಅದೊಂದೇ ಸಾಲದು.

ಶಿರಸಿಯವರಿಗೆ ಇದನ್ನು ವಿವರಿಸಲು ಹತ್ತಿರದ ಉದಾಹರಣೆ ಬೇಡರ ವೇಷ. ಮಾರಿಕಾಂಬಾ ಜಾತ್ರೆಯಿಲ್ಲದ ವರ್ಷ, ಹೋಳಿಗೆ ಮುಂಚಿನ ರಾತ್ರಿಗಳಲ್ಲಿ ಪೇಟೆಯ ಬೀದಿಗಳಲ್ಲಿ ನಡೆಯುವ ಈ ಕುಣಿತದಲ್ಲಿಯೂ ತಮಟೆಯ ಒಂದೇ ಮಾದರಿ ಗಂಟೆಗಟ್ಟಲೆ ಮೊಳಗುತ್ತದೆ. ಆದರೆ ಅಲ್ಲಿ ಕುಣಿಯುವವನು ಒಬ್ಬ, ನೋಡುವವರು ಸಾವಿರ. ಡಮಾಮಿಯಲ್ಲಿ ನೋಡುವವರೆಂಬ ಪ್ರತ್ಯೇಕ ವರ್ಗವೇ ಮೂಲತಃ ಇಲ್ಲ.

ವಿದ್ಯುನ್ಮಾನ ನೃತ್ಯಸಂಗೀತದೊಂದಿಗೆ ಹೋಲಿಕೆ

ಇಂದಿನ ಯುವಜನರು ಡಿಜೆ ಎಂಬ ಒಂದೇ ಮಾತಿನಲ್ಲಿ ಕರೆಯುವ ವಿದ್ಯುನ್ಮಾನ ನೃತ್ಯಸಂಗೀತದ ಮೂಲವನ್ನು ಹುಡುಕಿದರೆ ಅದೂ ಆಫ್ರಿಕಾ ಮೂಲದ ಜನರ ಬಳಿಗೇ ಹೋಗಿ ನಿಲ್ಲುತ್ತದೆ. 1980ರ ದಶಕದಲ್ಲಿ ಅಮೆರಿಕದ ಶಿಕಾಗೋ ನಗರದ ವೇರ್‌ಹೌಸ್ ಎಂಬ ಕ್ಲಬ್ಬಿನಲ್ಲಿ ಫ್ರ್ಯಾಂಕಿ ನಕಲ್ಸ್ ನುಡಿಸುತ್ತಿದ್ದ ಸಂಗೀತದಿಂದ 'ಹೌಸ್' ಎಂಬ ಪ್ರಕಾರಕ್ಕೆ ಹೆಸರು ಬಂದಿತೆಂದು ಹೇಳಲಾಗುತ್ತದೆ. ಡೆಟ್ರಾಯಿಟ್ ಸೀಮೆಯಲ್ಲಿ ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಮೂವರು ಗೆಳೆಯರು 'ಟೆಕ್ನೋ' ಪ್ರಕಾರವನ್ನು ರೂಪಿಸಿದರು. ಇವರೆಲ್ಲರೂ ಕಪ್ಪು ಜನಾಂಗದವರು. ದೊಡ್ಡ ಕಂಪೆನಿಗಳ ಹಂಗಿಲ್ಲದೆ ಸಣ್ಣ ಕ್ಲಬ್ಬುಗಳಿಗಾಗಿ ಸಂಗೀತ ಹೊರತಂದವರು. 1987ರಲ್ಲಿ ಡೆರಿಕ್ ಮೇ ಹೊರತಂದ 'ಸ್ಟ್ರಿಂಗ್ಸ್ ಆಫ್ ಲೈಫ್' ಇಂದಿಗೂ ಕುಣಿತದ ಅಂಕಣಗಳಲ್ಲಿ ನುಡಿಯುತ್ತಿದೆ. ಈ ಬಗೆಯ ಸಂಗೀತಕ್ಕೆ ಆಧಾರವೆನಿಸಿದ ಬಾಸ್ ಎಳೆ ಅದರಲ್ಲಿ ಇಲ್ಲವೆಂಬುದು ಅದರ ವಿಶೇಷ. ಪಿಯಾನೊದ ಒಂದು ಚಿಕ್ಕ ತುಣುಕು ಸುತ್ತುತ್ತ, ನಿಂತು, ಮತ್ತೆ ಮರಳಿ ಬರುತ್ತದೆ. ಬಿಡುವಿನ ನಂತರ ಬಡಿತ ಮರಳುವಾಗ ಜನರು ಕೂಗುವುದು ಅಲ್ಲಿಯೂ ಉಂಟು.

ಭಾರತದಲ್ಲಿಯೂ ಇದಕ್ಕೆ ಸಮಾನಾಂತರವಾದ ಒಂದು ಪ್ರಸಂಗ ನಡೆಯಿತು. ಮುಂಬಯಿಯ ಚಲನಚಿತ್ರ ವಾದ್ಯವೃಂದಗಳಲ್ಲಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪೆನಿಯ ತಾಳಯಂತ್ರ ಮತ್ತು ಸಿಂಥಸೈಜರುಗಳನ್ನು ಜೋಡಿಸಿ ಹತ್ತು ರಾಗಗಳನ್ನು ಡಿಸ್ಕೋ ಬಡಿತಕ್ಕೆ ಹೊಂದಿಸಿ ನುಡಿಸಿದರು. ಆಗ ಯಾರೂ ಅದನ್ನು ಅಷ್ಟಾಗಿ ಗಮನಿಸಲಿಲ್ಲ. 2010ರಲ್ಲಿ ಮರುಮುದ್ರಣಗೊಂಡಾಗ, ಶಿಕಾಗೋದಲ್ಲಿ ಕೆಲವು ವರ್ಷಗಳ ಅನಂತರ ಹುಟ್ಟಿದ 'ಆ್ಯಸಿಡ್ ಹೌಸ್' ಪ್ರಕಾರವನ್ನು ಅದು ಬಹುವಾಗಿ ಹೋಲುವುದನ್ನು ಕೇಳಿ ಪಾಶ್ಚಾತ್ಯ ರಸಿಕರು ಬೆರಗಾದರು.

ಹೋಲಿಕೆಗೆ ಒಂದು ಮಿತಿಯಿದೆ. ತಾಳಯಂತ್ರದ ಪೆಟ್ಟು ಎಂದೂ ತಪ್ಪುವುದಿಲ್ಲ, ನಿಮಿಷಕ್ಕೆ 120 ಎಂದು ನಿಗದಿಪಡಿಸಿದರೆ ಕಡೆಯವರೆಗೂ 120 ಆಗಿಯೇ ಇರುತ್ತದೆ. ಡಮಾಮಿಯ ವೇಗವನ್ನು ನಿಗದಿಪಡಿಸುವವರು ಅಲ್ಲಿ ನೆರೆದ ಜನ.

ರಂಗಭೂಮಿ ಮತ್ತು ಚಲನಚಿತ್ರ

ಸಿದ್ದಿ ಕಲಾವಿದರು ತಮ್ಮ ಕೇರಿಯ ಹೊರಗೆ ಗಂಭೀರವಾಗಿ ಪರಿಗಣಿಸಲ್ಪಟ್ಟದ್ದು ಮೊದಲಿಗೆ ರಂಗಭೂಮಿಯಲ್ಲಿ. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಸಂಸ್ಥೆಯು ಊರೂರುಗಳಲ್ಲಿ ನಡೆಸಿದ ರಂಗಶಿಬಿರಗಳ ಭಾಗವಾಗಿ ಯಲ್ಲಾಪುರ ತಾಲ್ಲೂಕಿನ ಮಂಚೀಕೇರಿ ಭಾಗದ ಸಿದ್ದಿಗಳೊಂದಿಗೆ ನಾಟಕವನ್ನು ಸಿದ್ಧಪಡಿಸಿತು. ನೈಜೀರಿಯಾದ ಲೇಖಕ ಚಿನುವಾ ಅಚಿಬೆಯ 'ಥಿಂಗ್ಸ್ ಫಾಲ್ ಅಪಾರ್ಟ್' (1958) ಕಾದಂಬರಿಯನ್ನು ಆಧರಿಸಿದ ಈ ನಾಟಕವನ್ನು ಚಿದಂಬರರಾವ್ ಜಂಬೆ ನಿರ್ದೇಶಿಸಿದರು. ತಮ್ಮ ಪೂರ್ವಜರ ಖಂಡದ ಕಥೆಯನ್ನು ಸಿದ್ದಿಗಳು ಕನ್ನಡದಲ್ಲಿ ಆಡಿದ್ದು ಕನ್ನಡ ರಂಗಭೂಮಿಯ ಇತಿಹಾಸದಲ್ಲಿ ಸಣ್ಣ ಸಂಗತಿಯಲ್ಲ. ಮುಂದೆ ನೀನಾಸಂನಲ್ಲಿ ಕಲಿತ ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿ ಮೊದಲಾದವರು ರಂಗಭೂಮಿ, ಗಾಯನ ಹಾಗೂ ಚಲನಚಿತ್ರಗಳಲ್ಲಿ ಹೆಸರಾದರು.

2021ರ ಅಕ್ಟೋಬರ್ 14ರಂದು ತೆರೆಕಂಡ 'ಸಲಗ' ಚಿತ್ರವು ನಟ ದುನಿಯಾ ವಿಜಯ್ ಅವರ ಮೊದಲ ನಿರ್ದೇಶನದ ಚಿತ್ರ. ಚರಣ್ ರಾಜ್ ಸಂಗೀತ ನೀಡಿದ ಅದರ 'ಟಿಣಿಂಗ ಮಿಣಿಂಗ ಟಿಶ್ಯಾ' ಹಾಡಿನಲ್ಲಿ ಗೀತಾ ಸಿದ್ದಿ, ಗಿರಿಜಾ ಸಿದ್ದಿ ಮೊದಲಾದ ಸಿದ್ದಿ ಕಲಾವಿದರ ಕಂಠಗಳನ್ನೇ ಬಳಸಿಕೊಳ್ಳಲಾಯಿತು. ವಿದ್ಯುನ್ಮಾನ ಬಡಿತದ ಮೇಲೆ ಸಿದ್ದಿಗಳ ಹಾಡಿಕೆಯನ್ನು ಕೂರಿಸಿದ ಈ ಹಾಡು ರಾಜ್ಯದಾದ್ಯಂತ ಮದುವೆ, ಗಣೇಶೋತ್ಸವ, ಕಾಲೇಜು ಸಮಾರಂಭಗಳಲ್ಲಿ ಮೊಳಗಿತು. ಕೇಳಿದವರಲ್ಲಿ ಹೆಚ್ಚಿನವರಿಗೆ ಪದಗಳು ಅರ್ಥವಾಗಿರಲಿಲ್ಲ. ಅದರಿಂದ ಕುಣಿತಕ್ಕೇನೂ ತೊಂದರೆಯಾಗಲಿಲ್ಲ. ಚಿತ್ರದ ಇತರ ಹಾಡುಗಳಿಗಿಂತ ಇದು ಹೆಚ್ಚು ಕಾಲ ಬಾಳಿದ್ದಕ್ಕೆ ಮುಖ್ಯ ಕಾರಣ, ಅಂಗಳದ ಕುಣಿತದ ಕ್ರಮವನ್ನು ಅದು ಕೆಡಿಸದೆ ಉಳಿಸಿಕೊಂಡದ್ದು ಎನ್ನಬಹುದು: ಚಿಕ್ಕ ಸಾಲು, ಎತ್ತಿಕೊಡುವ ಒಂದು ದನಿ, ತಿರುಗಿ ಹಾಡುವ ಹಲವು ದನಿ.

ಪ್ರಸ್ತುತ ಸ್ಥಿತಿ

ಉತ್ಸವಗಳ ವೇದಿಕೆಗೆ ಬಂದ ಡಮಾಮಿಗೆ ಹೊಸ ಕಟ್ಟುಪಾಡುಗಳು ಎದುರಾಗಿವೆ. ಹತ್ತು ನಿಮಿಷದಲ್ಲಿ ಮುಗಿಸಬೇಕು. ಆದುದರಿಂದ ನಿಧಾನಗತಿಯ ಆರಂಭವನ್ನು ಬಿಟ್ಟು ಮೊದಲೇ ವೇಗಕ್ಕೆ ಹೋಗಬೇಕಾಗುತ್ತದೆ. ಪ್ರೇಕ್ಷಕರ ಕಡೆಗೆ ಮುಖ ಮಾಡಿ ಸಾಲಾಗಿ ನಿಲ್ಲಬೇಕು. ಸೊಪ್ಪಿನ ಉಡುಗೆ ತೊಟ್ಟು ಮೈಮುಖಗಳಿಗೆ ಬಣ್ಣದ ಚುಕ್ಕೆ ಇಟ್ಟುಕೊಂಡ ಸಿದ್ದಿ ತಂಡಗಳು ಮೆರವಣಿಗೆಗಳಲ್ಲಿ ಕಾಣಸಿಗುತ್ತವೆ. ಇದು ನಿತ್ಯ ಜೀವನದ ಉಡುಗೆಯಲ್ಲ. ಸೀರೆ, ಲುಂಗಿ, ಅಂಗಿ ತೊಟ್ಟು ಅಂಗಳದಲ್ಲಿ ಕುಣಿಯುವವರು ವೇದಿಕೆಗೆ ಬಂದಾಗ ಮಾತ್ರ 'ಆಫ್ರಿಕದವರು' ಆಗಿ ಕಾಣಬೇಕೆಂಬ ನಿರೀಕ್ಷೆಯನ್ನು ಪೂರೈಸುವ ವೇಷವಿದು. ಸಂಭಾವನೆ ತರುವ ವೇಷವೂ ಹೌದಾದ್ದರಿಂದ ಕಲಾವಿದರನ್ನು ಆಕ್ಷೇಪಿಸಲಾಗದು. ಪಠ್ಯಪುಸ್ತಕಗಳೂ ಪತ್ರಿಕೆಗಳೂ ಆ ಚಿತ್ರಗಳನ್ನೇ ಸಿದ್ದಿಗಳ ಸಹಜ ಉಡುಗೆಯೆಂಬಂತೆ ಮುದ್ರಿಸಿದಾಗ ತಪ್ಪು ತಿಳಿವಳಿಕೆ ಬೆಳೆಯುತ್ತದೆ.

ಹಕ್ಕಿನ ಪ್ರಶ್ನೆಯೂ ಇದೆ. ಜನಪದ ಹಾಡಿಗೆ ಕರ್ತೃವಿಲ್ಲ. ಭಾರತದ ಕೃತಿಸ್ವಾಮ್ಯ ಕಾನೂನು ಕರ್ತೃವಿಲ್ಲದ, ಸಮುದಾಯಕ್ಕೆ ಸೇರಿದ ಹಾಡಿಗೆ ರಕ್ಷಣೆ ಕೊಡುವ ರೀತಿಯಲ್ಲಿ ರಚಿತವಾಗಿಲ್ಲ. ಹಾಡಿದ ಕಲಾವಿದರಿಗೆ ಪ್ರದರ್ಶಕರ ಹಕ್ಕು ಇರುತ್ತದೆ, ಹಾಡನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಕೇರಿಗೆ ಇರುವುದಿಲ್ಲ. ಅತ್ತ ಅದೇ ಕೇರಿಗಳ ಮದುವೆಗಳಿಗೂ ಬಾಡಿಗೆಯ ಧ್ವನಿಪೆಟ್ಟಿಗೆಗಳು ಬರತೊಡಗಿವೆ. ವಾದ್ಯ ಕಾಯಿಸಿ ರಾತ್ರಿಯಿಡೀ ಬಾರಿಸಬಲ್ಲ ಹಿರಿಯರಿಗಿಂತ ಗುಂಡಿ ಒತ್ತುವುದು ಸುಲಭ. ಡಮಾಮಿಯನ್ನು ಕಲಿಸುವ ಶಾಲೆಯಿಲ್ಲ, ಬರೆದಿಟ್ಟ ಪಾಠವಿಲ್ಲ. ಕಲಿಕೆ ನಡೆಯುವುದು ಕೂಟದಲ್ಲಿಯೇ. ಕೂಟ ಕಡಿಮೆಯಾದಷ್ಟೂ ಕಲಿಯುವವರೂ ಕಡಿಮೆಯಾಗುತ್ತಾರೆ. ವಿಧಾನಗಳು ಮತಭೇದದಿಂದ ಬೇರೆ ಬೇರೆಯಾಗುತ್ತಿರುವ ಈ ಕಾಲದಲ್ಲಿ ಮೂರೂ ಮತದ ಸಿದ್ದಿಗಳು ಒಟ್ಟಿಗೆ ಕುಣಿಯಬಲ್ಲ ಅವಕಾಶವೂ ಅದರೊಂದಿಗೆ ಕುಗ್ಗುತ್ತದೆ.

ಸಂಬಂಧಿತ ಕಲೆಗಳು

ಗುಜರಾತಿನ ರತನ್‌ಪುರದಲ್ಲಿರುವ ಬಾವಾ ಗೋರ್ ದರ್ಗಾದ ಸುತ್ತಲಿನ ಸಿದ್ದಿಗಳು ಗೋಮಾ ಅಥವಾ ಧಮಾಲ್ ಕುಣಿಯುತ್ತಾರೆ. ಕಾಲುಗಳಿರುವ ಮುಗರ್‌ಮಾನ್ ಎಂಬ ಚರ್ಮವಾದ್ಯ, ಬಿಲ್ಲಿನ ಆಕಾರದ ಮಲುಂಗಾ ಎಂಬ ತಂತಿವಾದ್ಯ ಅವರಲ್ಲಿವೆ. ಬಾವಾ ಗೋರ್ ಅವರ ಆರಾಧನೆಯೇ ಅಲ್ಲಿ ಕೇಂದ್ರ. ಉತ್ತರ ಕನ್ನಡದ ಸಿದ್ದಿಗಳಲ್ಲಿ ಹಾಗೆ ಎಲ್ಲರನ್ನೂ ಒಂದುಗೂಡಿಸುವ ಸಂತರಿಲ್ಲ. ಶ್ರೀಲಂಕಾದ ಪುತ್ತಳಂ ಸಮೀಪದ ಸಿರಂಬಿಯಡಿಯ ಎಂಬಲ್ಲಿ ನೆಲೆಸಿರುವ ಆಫ್ರಿಕಾ ಮೂಲದ ಜನರ 'ಮಾಂಜಾ' ಹಾಡುಗಳು ಪೋರ್ಚುಗೀಸ್ ಮಿಶ್ರಿತ ಭಾಷೆಯಲ್ಲಿವೆ. ಆ ಭಾಷೆಯನ್ನು ಮಾತಾಡುವವರು ಈಗ ವಿರಳ, ಹಾಡಿನಲ್ಲಿ ಮಾತ್ರ ಅದು ಉಳಿದಿದೆ.

ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ಚೂರುಗಳಿಂದ ಹೊಲಿಯುವ ಕೌದಿಗಳು ಹೊರದೇಶಗಳ ಪ್ರದರ್ಶನಗಳಲ್ಲಿಯೂ ಸ್ಥಾನ ಪಡೆದಿವೆ. ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬರುವುದು ಆ ಹೊಲಿಗೆಯ ಕ್ರಮ.